ಜಿಸಿಎಸ್ ನೋಡುವ ಕ್ರಮ: ಗ್ಲ್ಯಾಸ್ಗೋದ ಮೇಷ್ಟ್ರ ಪಾಠ, ಮಂಡ್ಯದ ವಾರ್ಡಿನಲ್ಲಿ

ಕಬ್ಬು ಕಟಾವಿನ ಕಾಲ. ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗೆ ರಾತ್ರಿ ಹಿಂದಿನಿಂದ ಬೈಕ್ ಗುದ್ದಿ, ತಲೆಗೆ ಪೆಟ್ಟಾದವರನ್ನು ಮಂಡ್ಯಕ್ಕೆ ತರುತ್ತಾರೆ. ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಲು ಫೋನ್ ಮಾಡಿದರೆ ಅಲ್ಲಿಯ ಡಾಕ್ಟರು ಮೊದಲು ಕೇಳುವುದು "ಜಿಸಿಎಸ್ ಎಷ್ಟು?" ಎಂದೇ. ಜಿಸಿಎಸ್ ಅಂದರೆ ಗ್ಲ್ಯಾಸ್ಗೋ ಕೋಮಾ ಸ್ಕೇಲ್, ಕಣ್ಣು, ಮಾತು, ಕೈಕಾಲು ಮೂರಕ್ಕೂ ಅಂಕ ಕೊಟ್ಟು ಪ್ರಜ್ಞೆಯ ಮಟ್ಟ ಅಳೆಯುವ ಕ್ರಮ. "ಹತ್ತೋ ಹನ್ನೊಂದೋ ಇರಬಹುದು ಸಾರ್" ಎಂಬ ಉತ್ತರದಿಂದ ಅವರಿಗೆ ಏನೂ ತಿಳಿಯುವುದಿಲ್ಲ.

ಈ ಅಳತೆಯನ್ನು ಕೊಟ್ಟವರು ನರಶಸ್ತ್ರಚಿಕಿತ್ಸಕ ಬ್ರಯನ್ ಜೆನೆಟ್ (1926–2008) ಮತ್ತು ಅವರ ಸಹೋದ್ಯೋಗಿ ಗ್ರಹಾಂ ಟೀಸ್‌ಡೇಲ್. ಜೆನೆಟ್ 1968ರಿಂದ ಗ್ಲ್ಯಾಸ್ಗೋದಲ್ಲಿ ಪ್ರೊಫೆಸರ್. ಆಗೆಲ್ಲ ಒಬ್ಬ ಡಾಕ್ಟರು 'ಮಂಪರು' ಎಂದು ಬರೆದವರನ್ನೇ ಇನ್ನೊಬ್ಬರು 'ಅರೆಪ್ರಜ್ಞೆ' ಎನ್ನುತ್ತಿದ್ದರು. ರೋಗಿ ಸುಧಾರಿಸುತ್ತಿದ್ದಾರೋ ಕುಸಿಯುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ. ಹೊಸಬ ಹೌಸ್ ಸರ್ಜನ್ ನೋಡಿದರೂ, ಅನುಭವಿ ಸಿಸ್ಟರ್ ನೋಡಿದರೂ ಒಂದೇ ಉತ್ತರ ಬರಬೇಕೆಂದು ಇಬ್ಬರೂ ಸೇರಿ 1974ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಯಂತ್ರ ಬೇಡ, ಬರಿಗೈ ಸಾಕು. ಬೇಕಾದದ್ದು ಶಿಸ್ತು.

ಮುಟ್ಟುವ ಮೊದಲು ಅಡ್ಡಿಗಳನ್ನು ನೋಡಿಕೊಳ್ಳಿ. ಕಣ್ಣು ಊದಿ ಮುಚ್ಚಿದೆಯೇ, ಗಂಟಲಲ್ಲಿ ಟ್ಯೂಬ್ ಇದೆಯೇ, ನಿದ್ರೆ ಬರಿಸುವ ಇಂಜೆಕ್ಷನ್ ಕೊಟ್ಟಾಗಿದೆಯೇ, ಮೊದಲೇ ಕಿವಿ ಕೇಳದೇ? ಅಡ್ಡಿ ಇರುವ ಭಾಗಕ್ಕೆ 1 ಹಾಕಬೇಡಿ, 'ಎನ್‌ಟಿ' ಅಂದರೆ ಪರೀಕ್ಷಿಸಲಾಗಲಿಲ್ಲ ಎಂದು ಬರೆಯಿರಿ. 1 ಎಂದರೆ ಪ್ರಯತ್ನಿಸಿದರೂ ಪ್ರತಿಕ್ರಿಯೆ ಇಲ್ಲ ಎಂದರ್ಥ.

ಕಣ್ಣಿಗೆ 4 ಅಂಕ. ತಾನಾಗಿ ತೆರೆದಿದ್ದರೆ 4, ಕೂಗಿದಾಗ ತೆರೆದರೆ 3, ಉಗುರಿನ ಮೇಲೆ ಒತ್ತಿದಾಗ ತೆರೆದರೆ 2, ಏನೂ ಇಲ್ಲದಿದ್ದರೆ 1. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಕೂಗಿ. ಮಾತಾಡಿಸದೆ ನೇರವಾಗಿ ಚಿವುಟಿದರೆ 3 ಸಿಗಬೇಕಾದವರಿಗೆ 2 ಬೀಳುತ್ತದೆ.

ಮಾತಿಗೆ 5. ಹೆಸರು, ಇರುವ ಜಾಗ, ತಿಂಗಳು ಮೂರನ್ನೂ ಸರಿಯಾಗಿ ಹೇಳಿದರೆ 5. ವಾಕ್ಯ ಕಟ್ಟುತ್ತಾರೆ ಆದರೆ ಗೊಂದಲ ಇದೆ ಎಂದರೆ 4, ಬಿಡಿ ಪದಗಳಷ್ಟೇ ಆದರೆ 3, ನರಳಿಕೆ 2, ಸದ್ದೇ ಇಲ್ಲದಿದ್ದರೆ 1. "ಅಜ್ಜಿ, ಇದು ಯಾವ ತಿಂಗಳು?" ಎಂದರೆ ನಮ್ಮ ಕಡೆ "ಆಷಾಢ ಕಣಪ್ಪ" ಎನ್ನುತ್ತಾರೆ. ಅದು ಸರಿಯುತ್ತರವೇ, ಜುಲೈ ಎನ್ನಲಿಲ್ಲವೆಂದು ಅಂಕ ಕಡಿಯಬೇಡಿ. ಜೊತೆಯಲ್ಲಿ ಬಂದವರು ಪಕ್ಕದಿಂದ ಉತ್ತರ ಹೇಳಿಕೊಡುವುದು ಮಾಮೂಲು. ಎರಡು ನಿಮಿಷ ಹೊರಗಿರಲು ಹೇಳಿ. ಉರ್ದುವೋ ಹಿಂದಿಯೋ ಮಾತ್ರ ಬಲ್ಲವರಾದರೆ ಆ ಭಾಷೆ ಬಲ್ಲವರನ್ನು ಕರೆಸಿ.

ಹೆಚ್ಚು ಎಡವುವುದು 6 ಅಂಕದ ಕೈಕಾಲಿನ ಭಾಗದಲ್ಲಿ. "ನನ್ನ ಕೈ ಹಿಡೀರಿ" ಎಂದು ಅಂಗೈಯಲ್ಲಿ ಬೆರಳಿಟ್ಟರೆ ಪ್ರಜ್ಞೆ ಇಲ್ಲದವರೂ ಹಿಡಿಯಬಹುದು, ಅದು ಬರೀ ರಿಫ್ಲೆಕ್ಸ್. ಆದ್ದರಿಂದ "ಹಿಡೀರಿ, ಈಗ ಬಿಡಿ" ಎಂದು ಎರಡೂ ಹೇಳಿ. ಬಿಟ್ಟರೆ ಮಾತ್ರ 6. ಕತ್ತಿನ ಭಾಗದ ಬೆನ್ನುಹುರಿಗೂ ಪೆಟ್ಟಾಗಿರುವ ಅನುಮಾನವಿದ್ದರೆ ನಾಲಿಗೆ ಚಾಚಲು ಹೇಳಿ.

ಹೇಳಿದ್ದು ಮಾಡದಿದ್ದರೆ ಒತ್ತಡ ಕೊಟ್ಟು ನೋಡಬೇಕು. ಕುತ್ತಿಗೆ–ಭುಜದ ನಡುವಿನ ಸ್ನಾಯುವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿದು, ಒತ್ತಡವನ್ನು ನಿಧಾನವಾಗಿ ಏರಿಸುತ್ತಾ 10 ಸೆಕೆಂಡಿನೊಳಗೆ ಬಿಡಿ. ರೋಗಿಯ ಕೈ ಕಾಲರ್ ಬೋನ್ ದಾಟಿ ನಿಮ್ಮ ಬೆರಳಿನತ್ತ ಬಂದರೆ 5. ಅಷ್ಟು ದೂರ ಬಾರದೆ, ಮೊಳಕೈ ಚಟ್ಟನೆ ಮಡಚಿ ತೋಳು ಮೈಯಿಂದ ಆಚೆ ಸರಿದರೆ 4. ನಿಧಾನವಾಗಿ, ಪ್ರತಿಸಲವೂ ಒಂದೇ ರೀತಿ ಎದೆಯ ಮೇಲೆ ಮಡಚಿಕೊಂಡು, ಹೆಬ್ಬೆರಳು ಮುಷ್ಟಿಯೊಳಗೆ ಸೇರಿ, ಕಾಲು ಸೆಟೆದರೆ 3. ಮೊಳಕೈ ನೀಳವಾಗಿ ಸೆಟೆದರೆ 2. ಏನೂ ಇಲ್ಲದಿದ್ದರೆ 1. ಎಡ–ಬಲ ಬೇರೆ ಬೇರೆ ಇದ್ದರೆ ಚೆನ್ನಾಗಿರುವ ಕಡೆಯ ಅಂಕ ಬರೆದು, ಇನ್ನೊಂದು ಬದಿ ಸೋತಿದೆ ಎಂದು ಪಕ್ಕದಲ್ಲಿ ನಮೂದಿಸಿ.

ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜುವ ಹಳೇ ಅಭ್ಯಾಸ ಬಿಡಬೇಕು. ಚರ್ಮ ಕಂದುತ್ತದೆ ಎಂಬುದು ಒಂದು. ಅದಕ್ಕಿಂತ ಮುಖ್ಯವಾಗಿ, ಎದೆಯತ್ತ ಬಂದ ಕೈ ನಿಮ್ಮನ್ನು ತಳ್ಳಲು ಬಂತೋ ಸುಮ್ಮನೆ ಮಡಚಿತೋ ಎಂದು ಹೇಳಲಾಗುವುದಿಲ್ಲ, 5 ಮತ್ತು 3 ಕಲಸಿಹೋಗುತ್ತವೆ. ಜೆನೆಟ್–ಟೀಸ್‌ಡೇಲ್ ಅವರ ಮೊದಲ ಪಟ್ಟಿಯಲ್ಲಿ ಈ ಭಾಗಕ್ಕೆ 5 ಅಂಕವಷ್ಟೇ ಇತ್ತು. ಮಡಚುವ ಎರಡು ಬಗೆಗಳನ್ನು ಆಮೇಲೆ ಬೇರ್ಪಡಿಸಿದ್ದರಿಂದ ಒಟ್ಟು ಅಂಕ 14 ಇದ್ದದ್ದು 15 ಆಯಿತು.

ಬರೆಯುವಾಗ ಮೂರನ್ನೂ ಬಿಡಿಯಾಗಿ, ಸಮಯದೊಂದಿಗೆ ಬರೆಯಿರಿ: "ರಾತ್ರಿ 9.40, ಇ2 ವಿ2 ಎಂ5" (ಇ ಕಣ್ಣು, ವಿ ಮಾತು, ಎಂ ಕೈಕಾಲು). ಬರೀ 9 ಎಂದರೆ ಅದು ಇ4 ವಿ1 ಎಂ4 ಕೂಡ ಆಗಬಹುದು, ಆ ರೋಗಿಯ ಸ್ಥಿತಿಯೇ ಬೇರೆ. ಮೊತ್ತ 13–15 ಸೌಮ್ಯ, 9–12 ಮಧ್ಯಮ, 8 ಮತ್ತು ಕೆಳಗೆ ತೀವ್ರ. 8ಕ್ಕಿಳಿದರೆ ಉಸಿರಿನ ದಾರಿ ಕಾಪಾಡಲು ಟ್ಯೂಬ್ ಹಾಕುವ ಯೋಚನೆ ತಡಮಾಡುವಂತಿಲ್ಲ. ಟಾರ್ಚ್ ಬೆಳಕು ಬಿಟ್ಟು ಎರಡೂ ಕಣ್ಣಿನ ಪಾಪೆ ನೋಡಿ, ಒಂದು ಹಿಗ್ಗಿದ್ದರೆ ಅದನ್ನೂ ಬರೆಯಿರಿ.

ಬಾಯಿಂದ ಸಾರಾಯಿ ವಾಸನೆ ಬಂತೆಂದು "ಕುಡಿದಿದ್ದಾನೆ, ಬೆಳಿಗ್ಗೆ ನೋಡೋಣ" ಎನ್ನುವುದು ಅತ್ಯಂತ ಅಪಾಯದ ಮಾತು. ಕುಡಿದವರ ತಲೆಯೊಳಗೂ ರಕ್ತ ಹೆಪ್ಪುಗಟ್ಟುತ್ತದೆ. ಶುಗರ್ ಪರೀಕ್ಷಿಸಿ, ಸಿಟಿ ಸ್ಕ್ಯಾನ್ ಮಾಡಿಸಿ.

15 ಬರುವವರೆಗೆ ಅರ್ಧ ಗಂಟೆಗೊಮ್ಮೆ ನೋಡಿ. ಬಂದ ಮೇಲೂ 2 ಗಂಟೆ ಹಾಗೆಯೇ, ನಂತರದ 4 ಗಂಟೆ ಗಂಟೆಗೊಮ್ಮೆ, ಆಮೇಲೆ 2 ಗಂಟೆಗೊಮ್ಮೆ. 2 ಅಂಕ ಇಳಿದರೆ ಆ ಕ್ಷಣವೇ ಡಾಕ್ಟರನ್ನು ಕರೆಯಿರಿ. ಕೈಕಾಲಿನ ಭಾಗದಲ್ಲಿ ಇಳಿದಿದ್ದರಂತೂ ಒಂದೇ ಸಾಕು. ಡ್ಯೂಟಿ ಬದಲಾಗುವಾಗ ಹೋಗುವವರೂ ಬರುವವರೂ ಹಾಸಿಗೆಯ ಬಳಿ ಒಟ್ಟಿಗೆ ನಿಂತು ಒಮ್ಮೆ ನೋಡಿ; ಇಬ್ಬರ ಅಂಕ ಕೂಡದಿದ್ದರೆ ಅಲ್ಲೇ ಮತ್ತೆ ನೋಡಿ, ಒಪ್ಪಿದ ಮೇಲೆ ಚಾರ್ಟಿಗೆ ಹತ್ತಿಸಿ.