ಯೀಸ್ಟ್‌ನ ಎರಡನೇ ಡಿಎನ್‌ಎ ಕಾಯುವ ಪ್ರೋಟೀನ್‌ಗಳನ್ನು ಪತ್ತೆ ಹಚ್ಚುವುದು ಹೇಗೆ?

ಬನ್ನು, ಬ್ರೆಡ್ಡು ಉಬ್ಬಿಸುವ ಯೀಸ್ಟ್ ಕೋಶದಲ್ಲಿ ಎರಡು ಕಡೆ ಡಿಎನ್‌ಎ ಇರುತ್ತದೆ. ನ್ಯೂಕ್ಲಿಯಸ್‌ನಲ್ಲಿ ಒಂದು, ಮೈಟೊಕಾಂಡ್ರಿಯದಲ್ಲಿ ಇನ್ನೊಂದು. ಈ ಎರಡನೆಯದು ಚಿಕ್ಕದು, ಸುಮಾರು 75ರಿಂದ 85 ಸಾವಿರ ಅಕ್ಷರ. ತನ್ನನ್ನು ನಕಲು ಮಾಡುವ, ಮಡಚಿಡುವ ಪ್ರೋಟೀನ್‌ಗಳ ಜೀನ್ ಅದರಲ್ಲಿಲ್ಲ. ಅವೆಲ್ಲ ನ್ಯೂಕ್ಲಿಯಸ್‌ನ ಜೀನ್‌ಗಳಿಂದಲೇ ತಯಾರಾಗಿ ಬರಬೇಕು. ಯಾವ ಪ್ರೋಟೀನ್ ಈ ಕೆಲಸಕ್ಕೆ ಬೇಕು ಅಂತ ತಿಳಿಯಲು ಕಾಲೇಜಿನ ಲ್ಯಾಬ್‌ನಲ್ಲೇ ಪರೀಕ್ಷೆ ಮಾಡಬಹುದು.

ಮೊದಲು ಎರಡು ಬಗೆಯ ಅಗಾರ್ ತಟ್ಟೆ ಸಿದ್ಧಮಾಡಿ. ಒಂದಕ್ಕೆ ಗ್ಲೂಕೋಸ್, ಇನ್ನೊಂದಕ್ಕೆ ಗ್ಲಿಸರಾಲ್. ಗ್ಲೂಕೋಸ್ ಸಿಕ್ಕರೆ ಯೀಸ್ಟ್ ಅದನ್ನು ಹುದುಗಿಸಿಕೊಂಡೇ ಬದುಕುತ್ತದೆ, ಮೈಟೊಕಾಂಡ್ರಿಯ ಕೆಟ್ಟರೂ ಸಾಯುವುದಿಲ್ಲ. ಗ್ಲಿಸರಾಲ್ ಹಾಗಲ್ಲ, ಉಸಿರಾಡದೆ ಅದನ್ನು ಬಳಸಲು ಆಗದು. ಉಸಿರಾಟ ನಡೆಯುವುದು ಮೈಟೊಕಾಂಡ್ರಿಯದಲ್ಲಿ, ಅದಕ್ಕೆ ಅಲ್ಲಿನ ಡಿಎನ್‌ಎ ಬೇಕು.

ನಿಮಗೆ ಅನುಮಾನವಿರುವ ಜೀನ್ ತೆಗೆದ ಯೀಸ್ಟನ್ನು ಗ್ಲೂಕೋಸ್ ತಟ್ಟೆಯಲ್ಲಿ ಹರಡಿ, 30 ಡಿಗ್ರಿಯಲ್ಲಿ ಎರಡು ಮೂರು ದಿನ ಇಡಿ. ಸಕ್ಕರೆ ಮುಗಿದ ಮೇಲೂ ಉಸಿರಾಡುವ ಯೀಸ್ಟ್ ಬೆಳೆಯುತ್ತಲೇ ಹೋಗುತ್ತದೆ, ಉಸಿರಾಡದ್ದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ದಪ್ಪ ಕಾಲೊನಿಗಳ ನಡುವೆ ಸಣ್ಣವು ಎದ್ದು ಕಾಣುತ್ತವೆ. ಪ್ಯಾರಿಸ್‌ನಲ್ಲಿ ತಳಿವಿಜ್ಞಾನಿ ಬೋರಿಸ್ ಎಫ್ರುಸಿ 1949ರಲ್ಲಿ ವರದಿ ಮಾಡಿದ್ದು ಇವನ್ನೇ. ಇವುಗಳ ಹೆಸರು 'ಪೆಟೀಟ್', ಅಂದರೆ ಫ್ರೆಂಚ್‌ನಲ್ಲಿ ಚಿಕ್ಕದು. ಈಗ ಮಕಮಲ್ ಬಟ್ಟೆಯನ್ನು ಆ ತಟ್ಟೆಗೆ ಒತ್ತಿ, ಅದೇ ಅಚ್ಚನ್ನು ಗ್ಲಿಸರಾಲ್ ತಟ್ಟೆಗೆ ಒತ್ತಿ. ಅಲ್ಲಿ ಯಾವುದು ಬೆಳೆಯಲಿಲ್ಲವೋ ಅದು ಪೆಟೀಟ್.

ಇಲ್ಲೇ ಅವಸರ ಮಾಡಬೇಡಿ. ಆರೋಗ್ಯವಾದ ಯೀಸ್ಟ್‌ನಲ್ಲೂ ನೂರಕ್ಕೆ ಒಂದರ ಆಸುಪಾಸು ತಾನಾಗೇ ಪೆಟೀಟ್ ಆಗುತ್ತದೆ, ಕೆಲವು ತಳಿಗಳಲ್ಲಿ ಇನ್ನೂ ಜಾಸ್ತಿ. ಅಲ್ಲದೆ ಡಿಎನ್‌ಎ ಸರಿಯಾಗಿದ್ದೂ ಉಸಿರಾಟದ ಬೇರೆ ಭಾಗ ಕೆಟ್ಟಿರಬಹುದು ಅಲ್ವಾ? ಡ್ಯಾಪಿ ಬಣ್ಣ ಹಾಕಿ ಫ್ಲೋರೊಸೆನ್ಸ್ ಮೈಕ್ರೊಸ್ಕೋಪ್‌ನಲ್ಲಿ ನೋಡಿ. ನಡುವೆ ದೊಡ್ಡ ನೀಲಿ ಉಂಡೆ ನ್ಯೂಕ್ಲಿಯಸ್. ಅದರ ಸುತ್ತ, ಕೋಶದ ಅಂಚಿನತ್ತ, ಚೆದುರಿದ ಸಣ್ಣ ನೀಲಿ ಚುಕ್ಕಿಗಳು ಮೈಟೊಕಾಂಡ್ರಿಯದ ಡಿಎನ್‌ಎ. ಡಿಎನ್‌ಎ ಪೂರ್ತಿ ಹೋಗಿದ್ದರೆ ಉಂಡೆ ಮಾತ್ರ ಉಳಿದಿರುತ್ತದೆ.

ಮುಂದಿನದು ಕೂಡಿಸುವ ಹಂತ. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ನಿಮ್ಮ ಪೆಟೀಟನ್ನು ಆರೋಗ್ಯವಾದ ಯೀಸ್ಟ್ ಜೊತೆ ಕೂಡಿಸಿ. ಮಗುವಿಗೆ ಜೀನೂ ಸಿಗುತ್ತದೆ, ಮೈಟೊಕಾಂಡ್ರಿಯದ ಡಿಎನ್‌ಎಯೂ ಸಿಗುತ್ತದೆ, ಹಾಗಾಗಿ ಗ್ಲಿಸರಾಲ್‌ನಲ್ಲಿ ಬೆಳೆಯುತ್ತದೆ. ನಂತರ ಅದರಿಂದ ನಾಲ್ಕು ಬೀಜಕ ಬಿಡಿಸಿ ಬೆಳೆಸಿ. ಪ್ರತಿ ಸಲವೂ ಎರಡು ಉಸಿರಾಡಿ ಎರಡು ಉಸಿರಾಡದಿದ್ದರೆ, ಉಸಿರಾಡದ ಆ ಎರಡರಲ್ಲೇ ಜೀನ್ ಇಲ್ಲದಿದ್ದರೆ, ಕಾರಣ ಆ ಜೀನೇ. ನಾಲ್ಕೂ ಉಸಿರಾಡಿದರೆ ನೀವು ನೋಡಿದ ಪೆಟೀಟ್ ಆಕಸ್ಮಿಕ.

ಎರಡು ಪ್ರೋಟೀನ್‌ಗಳನ್ನು ಹೋಲಿಸಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮಿಪ್1 ನಕಲು ಮಾಡುವ ಪಾಲಿಮರೇಸ್. ಬಿಸಿಗೆ ಕೆಡುವ ಮಿಪ್1 ಇರುವ ತಳಿಯನ್ನು 37 ಡಿಗ್ರಿಯಲ್ಲಿಡಿ. ಕೋಶದಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎಯ 50 ಪ್ರತಿಗಳು ಇದ್ದವು ಅಂತಿಟ್ಟುಕೊಳ್ಳಿ. ನಕಲು ನಿಂತಿದೆ, ಕೋಶ ಒಡೆಯುತ್ತಲೇ ಇದೆ. 25, 12, 6, ಕೊನೆಗೆ ಸೊನ್ನೆ. ಎಬಿಎಫ್2 ಬೇರೆ ಥರ. ಅದು ಡಿಎನ್‌ಎಯನ್ನು ಮಡಚಿ ಗಂಟು ಕಟ್ಟಿಡುತ್ತದೆ. ಅದಿಲ್ಲದ ಯೀಸ್ಟನ್ನು ಗ್ಲಿಸರಾಲ್‌ನಲ್ಲೇ ಬೆಳೆಸಿದರೆ ಡಿಎನ್‌ಎ ಉಳಿಯುತ್ತದೆ, ಕಳೆದುಕೊಂಡ ಕೋಶ ಅಲ್ಲಿ ಬೆಳೆಯುವುದಿಲ್ಲವಲ್ಲ. ಗ್ಲೂಕೋಸ್‌ಗೆ ಹಾಕಿದರೆ ತಲೆಮಾರಿನಿಂದ ತಲೆಮಾರಿಗೆ ಪೆಟೀಟ್‌ಗಳು ಹೆಚ್ಚುತ್ತವೆ. ಹಾಗಾಗಿ ಇಂಥ ತಳಿಯನ್ನು ಯಾವಾಗಲೂ ಗ್ಲಿಸರಾಲ್‌ನಲ್ಲೇ ಕಾಪಾಡಿಕೊಳ್ಳಿ.

ಮಿಪ್1ಕ್ಕೆ ನಮ್ಮ ದೇಹದಲ್ಲಿರುವ ಜೋಡಿ ಪಾಲಿಮರೇಸ್ ಗಾಮಾ. ಅದು ಕೆಟ್ಟರೆ ಮಕ್ಕಳಲ್ಲಿ ಫಿಟ್ಸ್, ಲಿವರ್ ಕಾಯಿಲೆ ಬರಬಹುದು. ರೋಗಿಯಲ್ಲಿ ಕಂಡ ಬದಲಾವಣೆ ನಿಜಕ್ಕೂ ಅಪಾಯದ್ದೇ ಅಂತ ನೋಡಲು, ಅದೇ ಬದಲಾವಣೆಯನ್ನು ಮಿಪ್1ರಲ್ಲಿ ಅದೇ ಜಾಗದಲ್ಲಿ ಮಾಡಿ, ಮೇಲೆ ಹೇಳಿದ ತಟ್ಟೆಗಳಲ್ಲೇ ಹರಡಿ, ನೂರಕ್ಕೆ ಎಷ್ಟು ಚಿಕ್ಕ ಕಾಲೊನಿ ಬಂತು ಅಂತ ಎಣಿಸುತ್ತಾರೆ.