ಸ್ಪ್ರಿಂಗ್ ಏರ್ ರೈಫಲನ್ನು ಬಿಗಿಯಾಗಿ ಹಿಡಿಯಬೇಡಿ

ಕಡಿಮೆ ಬೆಲೆಯ, ಹೆಚ್ಚು ಬಲದ ಸ್ಪ್ರಿಂಗ್ ಏರ್ ರೈಫಲಿನ ಪೆಲೆಟ್‌ಗಳು (ಪುಟ್ಟ ಗುಂಡುಗಳು) ಚದುರಿ ಬೀಳುತ್ತಿದ್ದರೆ, ಅದರ ಮುಂಭಾಗವನ್ನು ಬೆರಳುಗಳಿಂದ ಹಿಡಿಯದೆ, ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆಯ) ತುಸು ಮುಂದೆ, ತೆರೆದ ಅಂಗೈಯ ಮೇಲೆ ಸುಮ್ಮನೆ ಇರಿಸಿ, ಹಿಂಭಾಗವನ್ನು ಹೆಗಲಿಗೆ ಹಗುರವಾಗಿ ತಾಗಿಸಿ ಹೊಡೆಯಿರಿ. ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಒಳಗಿನ ಭಾರವಾದ ಪಿಸ್ಟನ್ ನುಗ್ಗಿ ಇಡೀ ರೈಫಲನ್ನು ಅಲುಗಿಸುತ್ತದೆ. ಬಿಗಿ ಹಿಡಿತವು ಪ್ರತಿ ಸಲ ಬೇರೆಯಾಗುವುದರಿಂದ ಆ ಅಲುಗಾಟವೂ ಬದಲಾಗುತ್ತದೆ, ಸಡಿಲ ಹಿಡಿತದಲ್ಲಿ ಅದು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿರುತ್ತದೆ. ಅಂಗೈಯನ್ನು ಒಂದೊಂದು ಬೆರಳಿನಷ್ಟು ಹಿಂದೆಮುಂದೆ ಸರಿಸುತ್ತ ಐದೈದು ಪೆಲೆಟ್ ಹೊಡೆದು, ಕಾಗದದ ಮೇಲಿನ ತೂತುಗಳು ಒತ್ತಾಗಿ ಬಿದ್ದಾಗ ಅಂಗೈ ಇದ್ದ ಜಾಗಕ್ಕೆ ರೈಫಲಿನ ಕಟ್ಟಿಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿ. ಕಟ್ಟಿಗೆಯ ತಿರುಪುಗಳು ಸಡಿಲಾಗಿದ್ದರೆ (ಅಗ್ಗದ ರೈಫಲುಗಳಲ್ಲಿ ಇದು ಸಾಮಾನ್ಯ) ಅಥವಾ ಪೆಲೆಟ್ಟಿನ ಹಿಂಬದಿಯ ಅಂಚು ಸೊಟ್ಟಗಾಗಿದ್ದರೆ ಈ ಉಪಾಯ ಫಲಿಸುವುದಿಲ್ಲ. ಪಿಸಿಪಿ ರೈಫಲಿಗೆ (ಸ್ಪ್ರಿಂಗ್ ಬದಲು ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವಂಥದ್ದು) ಇದರ ಅಗತ್ಯವೂ ಇಲ್ಲ. ಬಲ ಹೆಚ್ಚಿಸಲು ಸ್ಪ್ರಿಂಗ್ ಬದಲಿಸುವ ಗೋಜಿಗೆ ದಯವಿಟ್ಟು ಹೋಗಬೇಡಿ, ಏಕೆಂದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯಿಂದ ಹೊರಬೀಳುವ ಪೆಲೆಟ್ಟಿನ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಬೇಕಾಗುತ್ತದೆ. ಧಾರವಾಡದ ಸುತ್ತಲಿನ ಹೊಲಗಳಲ್ಲಿ ಅಭ್ಯಾಸ ಮಾಡುವವರು ಗುರಿಯ ಹಿಂದೆ ಬರೀ ಹಲಗೆ ನಿಲ್ಲಿಸದೆ, ಕಲ್ಲು ಆರಿಸಿ ತೆಗೆದ ಎರೆಮಣ್ಣಿನ ಚೀಲಗಳನ್ನು ಒಟ್ಟಬೇಕು.