ಕೆಲಸಕ್ಕೆ ಬಾರದ ಮೀಟರು, ಉಪ್ಪು ಬಾವಿಗಳು: ಹೈಸ್ಕೂಲಿನ ಪರಿಸರ ಪಾಠಕ್ಕೆ ದುಡ್ಡು ಹೊಂದಿಸಿದ ನನ್ನ ಅನುಭವ

“ಅಕ್ಕೋರೆ, ಇದೆಲ್ಲ ಒಂದು ವರ್ಷದ ಆಟ” ಅಂದಿದ್ದರು ನಮ್ಮ ಸ್ಟಾಫ್‌ರೂಮಿನ ಹಿರಿಯ ಮಾಸ್ತರ್ರು. ಈಗ ನಾಲ್ಕನೇ ವರ್ಷ. ಹೋದ ವರ್ಷ ಎಂಟು ಮತ್ತು ಒಂಬತ್ತನೇ ತರಗತಿಯ ಪರಿಸರ ಪಾಠಕ್ಕೆ ಹೆಚ್ಚುಕಮ್ಮಿ 68 ಸಾವಿರ ಖರ್ಚಾಯಿತು. ಅದರಲ್ಲಿ ನನ್ನ ಜೇಬಿನಿಂದ ಹೋದದ್ದು ಎರಡು ಸಾವಿರ. ಮೊದಲ ವರ್ಷ ಹೋದದ್ದು ಹದಿನಾಲ್ಕು ಸಾವಿರ, ಅದೂ ಮನೆಯಲ್ಲಿ ಹೇಳದೆ. ದುಡ್ಡು ಹೇಗೆ ಹೊಂದಿಸಿದಿರಿ ಅಂತ ಬೇರೆ ಶಾಲೆಯವರು ಫೋನ್ ಮಾಡಿ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ನಮ್ಮದು ಕುಮಟಾ ತಾಲೂಕಿನ ಸರ್ಕಾರಿ ಹೈಸ್ಕೂಲು. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೆ ಏಳೆಂಟು ಕಿಲೋಮೀಟರ್. ಮಕ್ಕಳಲ್ಲಿ ಅರ್ಧ ಜನ ಮೀನುಗಾರರ ಮನೆಯವರು, ಉಳಿದವರಲ್ಲಿ ಗಜನಿ (ಉಪ್ಪು ನೀರು ನುಗ್ಗುವ ತಗ್ಗು) ಗದ್ದೆ ಇರೋರು ಜಾಸ್ತಿ. ಬೆಳಚು, ಅಂದರೆ ತಿನ್ನುವ ಚಿಪ್ಪು, ಎಲ್ಲಿ ಸಿಗುತ್ತೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮೊದಲ ವರ್ಷ ನಾನು ಮಾಡಿದ ತಪ್ಪೆಂದರೆ ಎಲ್ಲರ ಹತ್ತಿರವೂ “ಪರಿಸರ ಶಿಕ್ಷಣಕ್ಕೆ ಸಹಾಯ ಮಾಡಿ” ಅಂತ ಕೇಳಿದ್ದು. “ತುಂಬಾ ಒಳ್ಳೇದು ಅಕ್ಕೋರೆ” ಅಂದು ಚಾ ಕುಡಿಸಿ ಕಳಿಸಿದರು. ಒಬ್ಬರು ನೂರು ಸಸಿ ಕೊಡ್ತೇವೆ ಅಂದರು. ಜೂನ್ 5ರ ಪರಿಸರ ದಿನದ ಹೊತ್ತಿಗೆ ಸಸಿ ಕೊಡುವವರಿಗೇನೂ ಬರವಿಲ್ಲ. ನಮ್ಮ ಕಂಪೌಂಡಿನಲ್ಲಿ ಅದೇ ಗುಂಡಿಗೆ ಮೂರನೇ ಸಲ ಸಸಿ ನೆಟ್ಟಾಗಿದೆ.

ಆಮೇಲೆ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣದ ಹಿಂದೆ ಬಿದ್ದೆ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಖರ್ಚು ಮಾಡಲೇಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ, ನಿಮಗೆ ಗೊತ್ತಿರೋದೇ. ಒಂದು ಕಂಪನಿಯವರು ಬಂದರು. ಬ್ಯಾನರ್ ಹಿಡಿಸಿ ಫೋಟೋ ತೆಗೆದರು. ಮೂರು ಲಕ್ಷದ ಪ್ರಪೋಸಲ್ ಕಳಿಸಿ ಅಂದರು. ಮಗನನ್ನು ಕೂರಿಸಿಕೊಂಡು ರಾತ್ರಿಯೆಲ್ಲ ಪಿಪಿಟಿ ಮಾಡಿದೆ. ಆಮೇಲೆ 12ಎ ಎಲ್ಲಿ, 80ಜಿ ಎಲ್ಲಿ, ಸಿಎಸ್‌ಆರ್-1 ನಂಬರ್ ಎಲ್ಲಿ ಅಂತ ಸಂಘ-ಸಂಸ್ಥೆಗಳ ನೋಂದಣಿ ಕಾಗದ ಕೇಳಿದರು. ಸರ್ಕಾರಿ ಶಾಲೆಗೆ ಅದೆಲ್ಲ ಎಲ್ಲಿಂದ ಬರಬೇಕು? ಯಾವುದಾದರೂ ಸಂಸ್ಥೆ ಮೂಲಕ ಬನ್ನಿ ಅಂದರು. ಸಿಕ್ಕ ಸಂಸ್ಥೆಯವರು ತಮ್ಮ ಆಡಳಿತ ವೆಚ್ಚ ಮೊದಲು ಹೇಳಿದರು. ಎಂಟು ತಿಂಗಳಾದ ಮೇಲೆ ಕಂಪನಿಯಿಂದ ಒಂದು ಪೆಟ್ಟಿಗೆ ಬಂತು. ಒಡೆದು ನೋಡಿದರೆ 150 ಟೋಪಿ. ಸ್ಟಾಫ್‌ರೂಮಿನಲ್ಲಿ ಆ ಜೋಕು ಇನ್ನೂ ನಡೀತಿದೆ.

ಮೊದಲ ಫೀಲ್ಡ್ ಟ್ರಿಪ್ ಕತೆಯೂ ಅಷ್ಟೇ. 1,800 ರೂಪಾಯಿ ಟೆಂಪೊ ಬಾಡಿಗೆ ಕೊಟ್ಟು ಶನಿವಾರ ಬೆಳಿಗ್ಗೆ ಹತ್ತೂವರೆಗೆ ಅಳಿವೆಗೆ ಹೋಗಿ ನಿಂತೆವು. ಅವತ್ತು ಹುಣ್ಣಿಮೆ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಆ ಹೊತ್ತಿಗೆ ನೀರು ಏರಿರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ತಲೆ ಮಾತ್ರ ಕಾಣುತ್ತಿತ್ತು. “ನಂಗೆ ಗೊತ್ತಿತ್ತು ಅಕ್ಕೋರೆ, ನೀವು ಕೇಳಲಿಲ್ಲ” ಅಂದ ಒಬ್ಬ ಹುಡುಗ. ಈಗ ಅವನ ತಮ್ಮನೇ ನಮ್ಮ ಟೈಮ್‌ಟೇಬಲ್ ಮಾಡೋದು. ಇಳಿತ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಜಾಸ್ತಿ ತಡವಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಶಾಲೆ ಹೊತ್ತಿಗೆ ನೀರು ಇಳಿಯಬೇಕಂದರೆ ಅಷ್ಟಮಿ ಆಸುಪಾಸಿನ ಶನಿವಾರವೇ ಸರಿ. ನೀರು ತುಂಬಾ ದೂರ ಇಳಿಯಲ್ಲ, ಆದರೆ ಪಾಠಕ್ಕೆ ಸಾಕು.

ಕೆಸರಿಗೆ ಅಂತ ಗಮ್‌ಬೂಟು ತಂದೆ, ನಾಲ್ಕು ಜೊತೆ. ಕೆಸರಿನಲ್ಲಿ ಬೂಟು ಅಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಬರಿಗಾಲಲ್ಲಿ ಇಳಿದರೆ ಚಿಪ್ಪು ಕೊಯ್ಯುತ್ತದೆ. ಕೊನೆಗೆ ಹೊಳೆದದ್ದು ಶೂ ಭಾಗ್ಯ. ವರ್ಷಕ್ಕೊಂದು ಜೊತೆ ಬರುತ್ತೆ ಅಲ್ವಾ, ಹಿಂದಿನ ವರ್ಷದ್ದನ್ನು ಎಸೆಯಬೇಡಿ ಅಂತ ಮಕ್ಕಳಿಗೆ ಹೇಳಿದೆ. ಹಿಮ್ಮಡಿ ಒಡೆದ ಹಳೇ ಕಪ್ಪು ಶೂ ಈಗ ಲ್ಯಾಬಿನ ಮೂಲೆಯಲ್ಲಿ ನಲವತ್ತು ಜೊತೆ ಇವೆ. ವಾಸನೆ ಮಾತ್ರ ಕೇಳಬೇಡಿ.

ಉಪ್ಪಿನಂಶ ಅಳೆಯಲು 350 ರೂಪಾಯಿಯ ಟಿಡಿಎಸ್ ಮೀಟರ್ ತಂದಿದ್ದೆ, ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸುವಂಥದ್ದು. ಅದು ಹತ್ತು ಸಾವಿರದೊಳಗೆ ಮಾತ್ರ ಓದುತ್ತದೆ. ಸಮುದ್ರದ ನೀರು ಮೂವತ್ತೈದು ಸಾವಿರ. ಅಳಿವೆಯಲ್ಲಿ ಅದ್ದಿದ ಕೂಡಲೇ ಕೈಯೆತ್ತಿತು. ಒಂದು ಲೋಟ ಅಳಿವೆ ನೀರಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂಬತ್ತು ಲೋಟ ಬೆರೆಸಿ ಹತ್ತರಿಂದ ಗುಣಿಸಿದರೆ ಅಂದಾಜು ಸಿಗುತ್ತೆ, ಆದರೆ ಮಕ್ಕಳು ಲೋಟದ ಲೆಕ್ಕ ತಪ್ಪಿಸುತ್ತಾರೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಹೇಳುವ ರಿಫ್ರಾಕ್ಟೋಮೀಟರೇ ಸರಿ ಅಂತ ಆನ್‌ಲೈನಿನಲ್ಲಿ ತರಿಸಿದೆ. ಬಂದದ್ದು ಸಕ್ಕರೆ ಅಳೆಯುವುದು! 1,100 ರೂಪಾಯಿ ನೀರುಪಾಲು. ವಾಪಸ್ ಕಳಿಸುವ ದಿನ ದಾಟಿತ್ತು.

ಆ ಸಕ್ಕರೆ ಮೀಟರನ್ನು ಸುಮ್ನೆ ಇಡುವುದು ಯಾಕೆ ಅಂತ ಜನವರಿಯಲ್ಲಿ ಆಲೆಮನೆಗೆ ಒಯ್ದೆವು. ಕಬ್ಬಿನ ಹಾಲು ಶೇ 18-19 ತೋರಿಸಿತು. ತುದಿಯ ಗಿಣ್ಣಿನ ಹಾಲು ಅದಕ್ಕಿಂತ ಕಡಿಮೆ, ಬುಡದ್ದು ಜಾಸ್ತಿ. ಜೋನಿ ಬೆಲ್ಲ ಹಾಕಿದರೆ ಅಳತೆಪಟ್ಟಿಯೇ ಮುಗಿದುಹೋಯಿತು. ಇದು ಪರಿಸರ ಪಾಠವೋ ಅಲ್ಲವೋ ಗೊತ್ತಿಲ್ಲ, ಆದರೆ ಹುಡುಗರು ಅದನ್ನು ಮರೆತಿಲ್ಲ. ಆಲೆಮನೆಯವರು ಹಾಲಿಗೆ ದುಡ್ಡು ತಗೊಳ್ಳಲಿಲ್ಲ.

ಈಗ ದುಡ್ಡಿನ ವಿಷಯ. ದಾರಿ ತೋರಿಸಿದ್ದು ಕೆಲಸಕ್ಕೆ ಬಾರದ ಆ 350 ರೂಪಾಯಿ ಮೀಟರೇ. ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಬಾಟಲಿಯಲ್ಲಿ ಮನೆ ಬಾವಿ ನೀರು ತಂದು “ಅಕ್ಕೋರೆ, ಇದನ್ನ ನೋಡಿ, ಬೇಳೆ ಬೇಯೋದಿಲ್ಲ ಅಂತಾಳೆ ನಮ್ಮಮ್ಮ” ಅಂದಳು. ಬಾವಿ ನೀರಿಗೆ ಆ ಮೀಟರ್ ಸರಿಯಾಗೇ ಓದುತ್ತಿತ್ತು. ಮರುದಿನ ಹತ್ತು ಬಾಟಲಿ ಬಂದವು. ತಿಂಗಳೊಳಗೆ 38 ಬಾವಿ. ಹೆಸರು ಬೇಡ, ನಂಬರ್ ಮಾತ್ರ ಬರೆಯೋಣ ಅಂದೆ. ನವೆಂಬರಿನಲ್ಲಿ 150ರ ಆಸುಪಾಸು ಇದ್ದ ಗಜನಿ ಪಕ್ಕದ ಬಾವಿ ಮೇ ಹೊತ್ತಿಗೆ 1,800 ದಾಟಿತ್ತು. ಕುಡಿಯುವ ನೀರಿಗೆ 500 ಇರಬೇಕು, ಬೇರೆ ಗತಿಯಿಲ್ಲದಿದ್ದರೆ 2,000ದವರೆಗೆ ಆಗಬಹುದು ಅನ್ನೋದು ಲೆಕ್ಕ. ಮೇ ರಜೆಯಲ್ಲೂ ಮಕ್ಕಳು ಬಾಟಲಿ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರು.

ಅಂಕಿಗಳನ್ನು ಗಣಿತದ ಮಾಸ್ತರ್ರು ಸಂಖ್ಯಾಶಾಸ್ತ್ರದ ಪಾಠಕ್ಕೆ ತಗೊಂಡರು. ಕನ್ನಡದ ಅಕ್ಕೋರು ಪತ್ರಲೇಖನಕ್ಕೆ ತಗೊಂಡರು. ಮಕ್ಕಳು ಬರೆದ ಪತ್ರಗಳನ್ನು ಪರೀಕ್ಷೆಗೆ ಅಂತ ಕಟ್ಟಿಡದೆ ಸೀದಾ ಪಂಚಾಯ್ತಿಗೆ ಕೊಟ್ಟೆವು. 31 ಪತ್ರ. ಪಿಡಿಒ ಫೋನ್ ಮಾಡಿ, “ಮೇಡಂ, ಇಷ್ಟಕ್ಕೂ ಇನ್‌ವರ್ಡ್ ನಂಬರ್ ಹಾಕ್ಬೇಕಾ?” ಅಂದರು. ಹಾಕಿ ಅಂದೆ. ಹಾಕಿದರು. ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್ ಯಾವ ಕೇರಿಗೆ ಮೊದಲು ಹೋಗಬೇಕು ಅನ್ನೋ ಜಗಳಕ್ಕೆ ನಮ್ಮ ಪಟ್ಟಿಯನ್ನೇ ಸಭೆಯಲ್ಲಿ ಓದಿದರಂತೆ. ಅದಾದ ಮೇಲೆ ನಾನು ಪರಿಸರ ಅನ್ನೋ ಮಾತೇ ಎತ್ತಲಿಲ್ಲ. ಟೆಂಪೊ ಬಾಡಿಗೆ ಕೊಡಿ, ಮೀಟರ್ ಕೊಡಿ ಅಂದೆ. ಪಂಚಾಯ್ತಿಯಿಂದ ವರ್ಷಕ್ಕೆ 14 ಸಾವಿರ ಬರುತ್ತಿದೆ. ಯಾವ ಬಾಬ್ತಿನಲ್ಲಿ ಹಾಕಿಸಿಕೊಂಡೆ ಅಂತ ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ವರ್ಷ ನಮಗೇ ಇಲ್ಲದಂತಾಗುತ್ತದೆ.

ಊರಿನ ಸಹಕಾರಿ ಸಂಘ 12 ಸಾವಿರ ಕೊಟ್ಟಿತು. ಅಲ್ಲಿ ಲಾಭದಲ್ಲಿ ಧರ್ಮಾರ್ಥ ಅಂತ ಸ್ವಲ್ಪ ಎತ್ತಿಡುತ್ತಾರೆ. ಸೆಪ್ಟೆಂಬರಿನ ವಾರ್ಷಿಕ ಸಭೆಗೆ ಮೊದಲೇ ಅರ್ಜಿ ಹೋಗಬೇಕು. ನಾನು ಒಂದು ವರ್ಷ ಅಕ್ಟೋಬರಿನಲ್ಲಿ ಹೋಗಿ ಕೈ ಬೀಸಿಕೊಂಡು ಬಂದಿದ್ದೇನೆ. ಗೋವಾ, ಮುಂಬಯಿಯಲ್ಲಿರುವ ಹಳೇ ವಿದ್ಯಾರ್ಥಿಗಳಿಂದ 21 ಸಾವಿರ ಬಂತು. ಶಾಲೆಗೆ ದೇಣಿಗೆ ಕೊಡಿ ಅಂದಾಗ ಗ್ರೂಪಿನಲ್ಲಿ ಬರೀ ಕೈಮುಗಿಯುವ ಚಿತ್ರ ಬರುತ್ತಿದ್ದವು. “ಒಂದು ಮಗುವಿನ ಒಂದು ಟ್ರಿಪ್ಪಿಗೆ 150 ರೂಪಾಯಿ” ಅಂದ ದಿನ ಸಂಜೆಯೊಳಗೆ ಆರು ಸಾವಿರ ಬಿತ್ತು. ಮಕ್ಕಳಿಂದ ಟ್ರಿಪ್ಪಿಗೆ ಇಪ್ಪತ್ತಿಪ್ಪತ್ತು ತಗೊಂಡದ್ದು ಒಟ್ಟು ನಾಲ್ಕು ಸಾವಿರ. ಕೊಡಲಾಗದವರದ್ದು ಬಿಟ್ಟೆ.

ಇಕೋ ಕ್ಲಬ್ ಗ್ರಾಂಟ್ ಹೈಸ್ಕೂಲಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ 25 ಸಾವಿರದವರೆಗೆ ಅಂತ ಇದೆ. ಹೋದ ವರ್ಷ ನಮಗೆ ಸಿಕ್ಕಿದ್ದು 15. ಈ ಹಣ ಮಾರ್ಚಿನೊಳಗೆ ಖರ್ಚಾಗಿ ಯುಸಿ (ಹಣ ಬಳಸಿದ್ದಕ್ಕೆ ಪ್ರಮಾಣಪತ್ರ) ಹೋಗಬೇಕು. ಒಂದು ವರ್ಷ ಮಾರ್ಚ್ ಮೂರನೇ ವಾರ ಬಂತು, ಪರೀಕ್ಷೆ ಗಡಿಬಿಡಿಯಲ್ಲಿ ಒಂಬತ್ತು ಸಾವಿರ ವಾಪಸ್ ಹೋಯಿತು. ಈಗ ಡಿಸೆಂಬರಿನಲ್ಲೇ ಜಿಎಸ್‌ಟಿ ಕೊಟೇಶನ್ ತಗೊಂಡು ಫೈಲಿನಲ್ಲಿ ಇಟ್ಟಿರುತ್ತೇನೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಬಂದದ್ದು ಹಾಗೆ, 1,600ಕ್ಕೆ. ಟೆಂಪೊದವರು ಜಿಎಸ್‌ಟಿ ಬಿಲ್ ಕೊಡಲ್ಲ, ಹಾಗಾಗಿ ಟೆಂಪೊಗೆ ಯಾವತ್ತೂ ಹಳೇ ವಿದ್ಯಾರ್ಥಿಗಳ ದುಡ್ಡೇ. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನಕ್ಕೂ ಅರ್ಜಿ ಹಾಕಿಡಿ. ಆ ಪ್ರವಾಸ ನಿಮ್ಮ ಲೆಕ್ಕದಲ್ಲಿ ಬರುವುದೇ ಇಲ್ಲ.

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತಲ್ಲ, ಇನ್ನು ದುಡ್ಡು ಹರಿದು ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ನೋಡಲು ಬರೋ ಜನ. ಅವರಿಗೆ ಚಾ ಕೊಟ್ಟದ್ದು ನಮ್ಮ ಖರ್ಚು.

ಹತ್ತನೇ ತರಗತಿಯನ್ನು ನಾನು ಮುಟ್ಟುವುದಿಲ್ಲ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಿದ್ದರೆ ಮೊದಲ ಬಲಿ ಈ ಟ್ರಿಪ್ಪುಗಳೇ ಅಂತ ಹೆಡ್‌ಮಾಸ್ತರ್ರು ಹೇಳಿಬಿಟ್ಟಿದ್ದಾರೆ. ಆದರೆ ಹತ್ತನೇ ತರಗತಿ ವಿಜ್ಞಾನದ “ನಮ್ಮ ಪರಿಸರ” ಪಾಠ ಈ ಟ್ರಿಪ್ ಮಾಡಿ ಬಂದ ನಮ್ಮ ಮಕ್ಕಳಿಗೆ ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ, ಅದನ್ನು ಅವರೂ ಒಪ್ಪಿದ್ದಾರೆ.

ಕಾಂಡ್ಲಾ ನೆಡುವುದರಲ್ಲಿ ನನ್ನದು ದೊಡ್ಡ ಸೋಲು. ವಲಯ ಅರಣ್ಯ ಕಚೇರಿಯ ಪತ್ರ ತಗೊಂಡು ಮೊದಲ ವರ್ಷ 400 ಕೋಡು (ಮರದಲ್ಲೇ ಮೊಳೆತ ಉದ್ದನೆಯ ಬೀಜ) ನೆಟ್ಟೆವು, ಅರವತ್ತೂ ಉಳಿಯಲಿಲ್ಲ. ತೀರಾ ಕೆಳಗೆ, ಹರಿವಿರುವಲ್ಲಿ ನೆಟ್ಟಿದ್ದೆವು. ಬೆಳಚು ತೆಗೆಯಲು ಬಂದ ಅಜ್ಜಿ ನಿಂತು ನೋಡಿ, “ಅಕ್ಕೋರೆ, ಅಲ್ಲಿ ನಾನೇ ನಿಲ್ಲೋಕಾಗೋದಿಲ್ಲ, ಅದು ನಿಲ್ತದಾ?” ಅಂದಿದ್ದರು. ಎರಡನೇ ವರ್ಷ ಅವರು ತೋರಿಸಿದ ಜಾಗದಲ್ಲಿ ನೆಟ್ಟದ್ದರಲ್ಲಿ ಮುಕ್ಕಾಲು ಪಾಲು ಇದೆ. ಜಾಗ ಹೇಳಲ್ಲ, ಫೋಟೋ ತೆಗೆಯಲು ಬರೋರು ತುಳಿದು ಹಾಕುತ್ತಾರೆ.

ಈ ಸಲ ಉಪ್ಪು ತಾಳುವ ಕಗ್ಗ ಭತ್ತವನ್ನೂ ಪೇಂಟ್ ಬಕೆಟ್‌ನಲ್ಲಿ ಹಾಕಿದ್ದೇವೆ, ಪಕ್ಕದಲ್ಲಿ ಮಾಮೂಲಿ ಭತ್ತ. ಲೀಟರಿಗೆ ಐದು ಗ್ರಾಂ ಉಪ್ಪಿಗೆ ಮಾಮೂಲಿಯ ತುದಿ ಸುಟ್ಟಂತಾಯಿತು, ಕಗ್ಗ ಹಸಿರಾಗೇ ನಿಂತಿತ್ತು. ಎಂಟಕ್ಕೆ ಏರಿಸೋಣ ಅನ್ನುವಷ್ಟರಲ್ಲಿ ಶಾಲೆಯ ಗೇಟು ಯಾರೋ ತೆರೆದಿಟ್ಟು, ಆಕಳು ಎರಡನ್ನೂ ಸಮನಾಗಿ ಮೇಯ್ದು ಹೋಯಿತು. ಮುಂದಿನ ಜೂನಿಗೆ ಬಕೆಟ್ ಮೇಲೆ ಬಲೆ ಬೇಕು, 600 ರೂಪಾಯಿ. ಬಲೆಗೆ ಯಾರ ಹತ್ತಿರ ಹೋಗೋದು ಅಂತ ಯೋಚಿಸ್ತಿದ್ದೆ. ಹಿಂದಿನ ಬೆಂಚಿನ ಹುಡುಗ “ನಮ್ಮನೇಲಿ ಹರಿದದ್ದು ರಾಶಿ ಇದೆ ಅಕ್ಕೋರೆ” ಅಂದ.